ಪಗ್ ಬೇಕಾ ಶಿಟ್ಜು ಬೇಕಾ: ನಮ್ಮ ಮನೆಗೆ ನಾಯಿಮರಿ ಬಂದ ಕಥೆ

ಮೊನ್ನೆ ಮರಿಗೆ ಕೊನೆಯ ಇಂಜೆಕ್ಷನ್ ಹಾಕಿಸಿಕೊಂಡು ಬಂದೆವು. ಫೆಬ್ರವರಿಯಲ್ಲಿ ಊಟಕ್ಕೆ ಕೂತಾಗ ಎದ್ದ ಮಾತು ಜುಲೈ ಮೂರನೇ ವಾರಕ್ಕೆ ಒಂದು ದಡ ಸೇರಿತು. ಇಷ್ಟರೊಳಗೆ ಮೂರು ಸಾವಿರ ರೂಪಾಯಿ ಮೋಸ ಹೋದೆವು, ಎರಡು ಸಲ ಮನೆಯಲ್ಲಿ ಮಾತು ಬಿಟ್ಟೆವು, ಬೇಡ ಬೇಡ ಅಂದರೂ ಒಂದು ಕೂಲರ್ ಮನೆಗೆ ಬಂತು. ನಮ್ಮ ಕಡೆ ಯಾರಾದರೂ ಸಣ್ಣ ಜಾತಿಯ ನಾಯಿ ಸಾಕಬೇಕು ಅಂತಿದ್ದರೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆಯ ವಿದ್ಯಾನಗರ. ನಾನು ಪ್ರಾಥಮಿಕ ಶಾಲೆಯ ಟೀಚರ್. ನಮ್ಮವರದು ಸೀರೆ ಅಂಗಡಿ. ಮಗಳು ಐದನೇ ಕ್ಲಾಸು. ಮಾವನವರು ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಆ ಅರಳೆ ಧೂಳು ಅವರಿಗೆ ಕೊಟ್ಟ ಪಿಂಚಣಿ ಅಂದರೆ ಉಬ್ಬಸ. ಅತ್ತೆ ಹೋಗಿ ಎರಡು ವರ್ಷ ಆಯಿತು. ಬೆಳಗ್ಗೆ ಒಂಬತ್ತಕ್ಕೆ ನಾವೆಲ್ಲ ಹೊರಟರೆ ಸಂಜೆ ನಾಲ್ಕೂವರೆವರೆಗೆ ಮನೆಯಲ್ಲಿ ಅವರೊಬ್ಬರೇ. ನಾಯಿಯ ಮಾತು ಎದ್ದದ್ದೇ ಅದಕ್ಕೆ. ಆದರೆ ಅವರಿಗೇ ಬೇಡವಾಗಿತ್ತು. "ನಾಯಿ ಸಾಕೋದು ಹೊಲ ತೋಟ ಇದ್ದೋರು. ನಮಗ್ಯಾಕವ್ವಾ?" ಅಂದು ತಟ್ಟೆಗೆ ಕೈ ತೊಳೆದು ಎದ್ದುಬಿಟ್ಟರು.

ಮಗಳಿಗೆ ಪಗ್ ಬೇಕು. ಅವಳು ಹುಟ್ಟೋಕೆ ಎಷ್ಟೋ ವರ್ಷ ಮೊದಲು, 2003ರಲ್ಲಿ, ಹಚ್ ಮೊಬೈಲಿನ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡಾಡಿದ ನಾಯಿ ಅದು. ನಮ್ಮೂರಲ್ಲಿ ಇವತ್ತಿಗೂ ಪಗ್ ಅಂದರೆ ಗೊತ್ತಾಗದವರಿಗೆ ಹಚ್ ನಾಯಿ ಅಂದರೆ ಗೊತ್ತಾಗುತ್ತದೆ. ನಮ್ಮವರಿಗೆ ಶಿಟ್ಜು ಬೇಕು, ಉದ್ದ ಕೂದಲಿನ ಸಣ್ಣ ನಾಯಿ. ಬೆಂಗಳೂರಿನಲ್ಲಿ ಅವರ ಗೆಳೆಯರ ಮನೆಯಲ್ಲಿ ನೋಡಿ ಬಂದಿದ್ದರು. ಅದರ ಹೆಸರನ್ನು ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ, ನಾನು ಬಾಯಿಗೆ ಬಂದ ಹಾಗೆ ಬರೆಯುತ್ತೇನೆ.

ಒಂದು ಭಾನುವಾರ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದು ಎರಡರ ಲೆಕ್ಕ ಹಾಕಿದೆ. ಅರ್ಧ ಗಂಟೆಯಲ್ಲಿ ತಲೆ ಕೆಟ್ಟಿತು. ಯಾಕೆಂದರೆ ಎರಡೂ ಒಂದೇ ತರ ಕಂಡವು. ಎರಡೂ ಚೀನಾದ ಅರಮನೆಯಲ್ಲಿ ತೊಡೆ ಮೇಲೆ ಬೆಳೆದ ಜಾತಿ. ಪಗ್ ಆರರಿಂದ ಎಂಟು ಕೆಜಿ, ಶಿಟ್ಜು ನಾಲ್ಕರಿಂದ ಏಳು. ಎರಡೂ ಚೆನ್ನಾಗಿ ನೋಡಿಕೊಂಡರೆ ಹನ್ನೆರಡು ವರ್ಷದ ಮೇಲೆ ಬದುಕುತ್ತವೆ. ಎರಡಕ್ಕೂ ಕಾವಲು ಕಾಯೋಕೆ ಬರೋದಿಲ್ಲ, ಕಳ್ಳ ಬಂದರೂ ಬಾಲ ಅಲ್ಲಾಡಿಸುತ್ತವೆ. ಕೂದಲು ಮಾತ್ರ ಬೇರೆ. ಪಗ್‌ನ ಕೂದಲು ಗಿಡ್ಡ, ಆದರೆ ವರ್ಷವಿಡೀ ಉದುರುತ್ತದೆ. ಶಿಟ್ಜುದು ನಮ್ಮ ಕೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ಉದುರೋದು ಕಡಿಮೆ, ಬಾಚೋದು ಜಾಸ್ತಿ.

ಹಾಳೆ ಮೇಲೆ ತೀರ್ಮಾನ ಆಗಲಿಲ್ಲ. ಸಾಕಿದವರ ಮನೆಗೇ ಹೋಗಿ ನೋಡೋಣ ಅಂತ ಆಯಿತು. ಇಡೀ ಆರು ತಿಂಗಳಲ್ಲಿ ನಾವು ಮಾಡಿದ ಒಂದು ಬುದ್ಧಿವಂತ ಕೆಲಸ ಅದು. ಮರಿ ನೋಡಲು ಹೋಗಬೇಡಿ, ಮರಿ ಎಲ್ಲವೂ ಮುದ್ದು. ಮೂರು ನಾಲ್ಕು ವರ್ಷದ ನಾಯಿ ಇರುವ ಮನೆಗೆ ಹೋಗಿ. ಅದೂ ಬಿಸಿಲು ಹೊತ್ತಲ್ಲಿ ಹೋಗಿ.

ಮಾರ್ಚ್ ಕೊನೆಯ ಶನಿವಾರ, ನಿಟುವಳ್ಳಿಯಲ್ಲಿ ನಮ್ಮ ಶಾಲೆಯ ಒಬ್ಬ ಟೀಚರ್ ಮನೆಗೆ ಹೋದೆವು. ಮಧ್ಯಾಹ್ನ ಮೂರು ಗಂಟೆ. ಮಾವನವರನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಪಗ್ ಬಾಗಿಲಲ್ಲೇ ಬಂದು ನಮ್ಮ ಕಾಲು ಸುತ್ತಿತು. ಎರಡು ನಿಮಿಷ ಕುಣಿಯಿತು. ಆಮೇಲೆ ಫ್ಯಾನ್ ಕೆಳಗೆ ಕಡಪ ಕಲ್ಲಿನ ಮೇಲೆ ಹೊಟ್ಟೆ ಚಾಚಿ ಬಿತ್ತು. ನಾಲಿಗೆ ಹೊರಗೆ, ಗಂಟಲಿನಿಂದ ಗೊರ್ ಗೊರ್ ಅಂತ ಸದ್ದು. ಕುಕ್ಕರ್ ವಿಷಲ್ ಹಾಕೋಕೆ ಮೊದಲು ಬುಸುಗುಡುತ್ತದಲ್ಲ, ಹಾಗೆ. ಮನೆಯವರು "ಅದು ಹಂಗೇ, ಗೊರಕೆ ಜಾತಿ" ಅಂತ ನಕ್ಕರು. ಮುಖದ ಮಡಿಕೆಯನ್ನು ದಿನಾ ಒದ್ದೆ ಹತ್ತಿಯಿಂದ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ವಾಸನೆ ಬಂದು ಹುಣ್ಣಾಗುತ್ತದೆ ಅಂತಲೂ ತೋರಿಸಿದರು. ಸೋಫಾ ಮೇಲೆ ಕೂತಿದ್ದ ನಮ್ಮವರ ಕಪ್ಪು ಪ್ಯಾಂಟು ಎದ್ದಾಗ ಬೂದಿ ಬಣ್ಣ ಆಗಿತ್ತು. ಸೀರೆ ಅಂಗಡಿಯವರಿಗೆ ಅಷ್ಟು ಸಾಕಲ್ವಾ?

ಆದರೆ ತೀರ್ಮಾನ ಆದದ್ದು ಪ್ಯಾಂಟಿನಿಂದಲ್ಲ. ಮಾವನವರು ಚಹಾ ಕುಡಿಯದೆ ಆ ನಾಯಿಯನ್ನೇ ನೋಡುತ್ತಿದ್ದರು. ಅದರ ಪಕ್ಕೆ ಏರಿ ಇಳಿಯೋದನ್ನು ನೋಡುತ್ತಿದ್ದರು. ದಾರಿಯಲ್ಲಿ ಆಟೋದಲ್ಲಿ ಕೇಳಿದರು: "ಇದಕ್ಕೂ ನನ್ನಂಗೆ ಉಬ್ಬಸ ಐತೇನವ್ವಾ?" ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಮಧ್ಯಾಹ್ನ ಎಲ್ಲ ಮನೇಲಿ ನಾನೂ ಗೊರ್ ಅನ್ನೋದು, ಅದೂ ಗೊರ್ ಅನ್ನೋದು. ನನ್ ಕೈಲಿ ಕೇಳೋಕಾಗಲ್ಲ. ಬೇರೆ ಯಾವುದಾದ್ರೂ ತರ್ರಿ" ಅಂದರು. ತರ್ರಿ ಅಂದರು! ಆಟೋದ ಮುಂದಿನ ಸೀಟಿನಲ್ಲಿದ್ದ ನಮ್ಮವರು ತಿರುಗಿ ನನ್ನ ಮುಖ ನೋಡಿದರು. ಮಗಳು ಮಾತ್ರ ಎರಡು ದಿನ ಅಜ್ಜನ ಜೊತೆ ಮಾತು ಬಿಟ್ಟಳು.

ಅದರ ಮುಂದಿನ ವಾರ ಎಂ.ಸಿ.ಸಿ. ಬಿ ಬ್ಲಾಕಿನ ಒಂದು ಮನೆಯಲ್ಲಿ ಶಿಟ್ಜು ನೋಡಿದೆವು. ಅಲ್ಲಿನ ಆಂಟಿ ಬಾಚಣಿಗೆ ಹಿಡಿದೇ ಕೂತಿದ್ದರು. "ಟೀಚರ್, ನಾನು ಸಾಕಿರೋದು ನಾಯಿನಲ್ಲ, ಕೂದಲು" ಅಂದರು. ಕುಂದವಾಡ ಕೆರೆ ಹತ್ತಿರ ವಾಕಿಂಗ್ ಕರೆದುಕೊಂಡು ಹೋಗಿದ್ದರಂತೆ, ಹುಲ್ಲಿಗೆ ನುಗ್ಗಿದ ನಾಯಿ ಹೊಟ್ಟೆ ತುಂಬ ಉತ್ತರಾಣಿ ಮುಳ್ಳು ಅಂಟಿಸಿಕೊಂಡು ಬಂದಿತ್ತು. ಒಂದೊಂದೇ ಬಿಡಿಸುತ್ತಿದ್ದರು. ಕಿವಿಯ ಹಿಂದೆ ಒಂದು ಕಡೆ ಕೂದಲು ಗಂಟುಗಟ್ಟಿ ಉಂಡೆಯಾಗಿತ್ತು. ಅದನ್ನು ಎಳೆದರೆ ಚರ್ಮವೇ ಕಿತ್ತು ಬಂದಂತೆ ನೋವಾಗುತ್ತದಂತೆ, ಕತ್ತರಿಯೇ ಗತಿ. ಆರು ವಾರಕ್ಕೊಮ್ಮೆ ಪೂರ್ತಿ ಗಿಡ್ಡ ಮಾಡಿಸಿದರೆ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ ಅಂತ ಆಂಟಿಯೇ ದಾರಿ ಹೇಳಿಕೊಟ್ಟರು.

ಇಲ್ಲೊಂದು ಮಾತು. ಶಿಟ್ಜು ಕೂದಲು ಉದುರಿಸಲ್ಲ, ಅಲರ್ಜಿ ಆಗಲ್ಲ ಅಂತ ಮಾರುವವರು ಹೇಳುತ್ತಾರೆ. ಮಾವನವರ ಎದೆ ಡಾಕ್ಟರು ಅದನ್ನು ಒಪ್ಪಲಿಲ್ಲ. ಅಲರ್ಜಿ ಬರೋದು ಕೂದಲಿನಿಂದ ಮಾತ್ರ ಅಲ್ಲ, ಜೊಲ್ಲು ಮತ್ತು ಚರ್ಮದ ಹೊಟ್ಟಿನಿಂದಲೂ ಬರುತ್ತದೆ, ಅವೆರಡೂ ಇಲ್ಲದ ನಾಯಿ ಇಲ್ಲ ಅಂದರು. ಅದಕ್ಕೆ ಆಂಟಿಯ ಅನುಮತಿ ಕೇಳಿ ಮೂರು ಸಂಜೆ, ಎರಡೆರಡು ಗಂಟೆ, ಮಾವನವರನ್ನು ಅವರ ಮನೆಯಲ್ಲಿ ಕೂರಿಸಿದೆವು. ಉಬ್ಬಸ ಏರಲಿಲ್ಲ. ಮೂರನೇ ಸಂಜೆ ಹೋಗಿ ನೋಡಿದರೆ ನಾಯಿ ಇವರ ಪಂಚೆಯ ಮೇಲೆ ತಲೆ ಇಟ್ಟು ಮಲಗಿತ್ತು. ಇವರು ಅಲ್ಲಾಡದೆ ಕೂತಿದ್ದರು. ಮನೆಯಲ್ಲಿ ಉಬ್ಬಸದವರು ಇದ್ದರೆ ದಯವಿಟ್ಟು ಈ ಪರೀಕ್ಷೆ ಮೊದಲೇ ಮಾಡಿ. ತಂದ ಮೇಲೆ ವಾಪಸ್ ಕೊಡೋಕೆ ಅದು ಸೀರೆ ಅಲ್ಲ.

ಏಪ್ರಿಲ್‌ನಲ್ಲಿ ಸರ್ಕಾರಿ ಪಶು ಆಸ್ಪತ್ರೆಗೆ ಹೋದೆ. ನಾಯಿ ಇಲ್ಲದೆ ನಾಯಿ ಡಾಕ್ಟರ ಹತ್ತಿರ ಹೋದದ್ದು ನಾನೊಬ್ಬಳೇ ಇರಬೇಕು. ಒಂದು ಎಮ್ಮೆ, ನಾಲ್ಕು ಮೇಕೆ, ಕಾಲು ಮುರಿದ ಒಂದು ಬೀದಿ ನಾಯಿ, ಇವೆಲ್ಲ ಆದ ಮೇಲೆ ನನ್ನ ಸರದಿ. ಒಂದೂವರೆ ಗಂಟೆ ಕಾದೆ. ಡಾಕ್ಟರು ಒಳ್ಳೆಯವರು. "ಪಗ್ ಬಿಟ್ರಿ, ಸರಿ. ಆದರೆ ಶಿಟ್ಜುದೂ ಚಪ್ಪಟೆ ಮೂತಿನೇ ಮೇಡಂ" ಅಂದರು. ನಾಯಿ ನಮ್ಮ ಹಾಗೆ ಮೈ ತುಂಬ ಬೆವರೋದಿಲ್ಲ, ತೇಕಿ ತೇಕಿ ಬಾಯಿ ಮೂಗಿನ ತೇವ ಆರಿಸಿಕೊಂಡೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಮೂತಿ ಗಿಡ್ಡ ಇದ್ದಷ್ಟೂ ಆ ಕೆಲಸ ಕಷ್ಟ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೇ ಅಪಾಯ. ನಮ್ಮೂರ ಏಪ್ರಿಲ್ ಬಿಸಿಲು ನಿಮಗೇ ಗೊತ್ತು. ಆಮೇಲೆ ಅವರು ಕೇಳಿದ ಒಂದು ಪ್ರಶ್ನೆ ನಾನು ಕ್ಯಾಲೆಂಡರ್ ಹಾಳೆಯಲ್ಲಿ ಬರೆದಿರಲೇ ಇಲ್ಲ: "ಮಧ್ಯಾಹ್ನ ಎರಡು ಗಂಟೆಗೆ ಆ ನಾಯಿ ನಿಮ್ಮನೇಲಿ ಎಲ್ಲಿರುತ್ತೆ?"

ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ತಣ್ಣಗಿರುವ ಜಾಗವೇ ಇರಲಿಲ್ಲ. ಮಾವನವರ ಕೋಣೆ ಪಶ್ಚಿಮಕ್ಕೆ. ಅವರಿಗೆ ಕೂಲರ್ ತರೋಣ ಅಂತ ಮೂರು ಬೇಸಿಗೆಯಿಂದ ಕೇಳುತ್ತಿದ್ದೆವು. "ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾನಾ?" ಅಂತ ಮಗನಿಗೇ ಕೇಳಿದವರು ಅವರು. ಆ ರಾತ್ರಿ ಡಾಕ್ಟರು ಹೇಳಿದ್ದನ್ನು ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಬೆಳಗ್ಗೆ ಲಿಂಗಪೂಜೆ ಮುಗಿಸಿ ಬಂದು, "ಕೂಲರ್ ಇಟ್ರೆ ಕಿಟಕಿ ತೆಗೆದಿರಬೇಕು, ಇಲ್ಲಾಂದ್ರೆ ತಂಡಿ ಹಿಡಿಯುತ್ತೆ. ಎದೆ ಡಾಕ್ಟರನ್ನ ಒಂದ್ಮಾತು ಕೇಳ್ರಿ" ಅಂದರು. ಅಷ್ಟೇ. ಕೇಳಿದೆವು. ಗಾಳಿ ಮೈಗೆ ನೇರ ಬಡಿಯದಂತೆ ಇಟ್ಟರೆ ಅಡ್ಡಿಯಿಲ್ಲ ಅಂದರು. ಕೂಲರ್ ಬಂತು.

ಪಶು ಆಸ್ಪತ್ರೆಯ ಡಾಕ್ಟರು ನಾಟಿ ಮರಿ ಸಾಕಬಾರದಾ ಅಂತಲೂ ಕೇಳಿದ್ದರು. ಈ ಬಿಸಿಲಿಗೆ ಹುಟ್ಟಿದ್ದು, ಕಾಯಿಲೆ ಕಡಿಮೆ, ದುಡ್ಡೂ ಇಲ್ಲ. ಅವರು ಹೇಳಿದ್ದು ಸರಿ. ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಮಗಳ ಹಠ, ಮಾವನವರ ಪಂಚೆ ಮೇಲೆ ಮಲಗಿದ್ದ ಆ ನಾಯಿ, ಇಷ್ಟೇ ನಮ್ಮ ಕಾರಣ.

ಜಾತಿ ತೀರ್ಮಾನ ಆಯಿತು, ಇನ್ನೇನು ತರೋದೇ ಅಂದುಕೊಂಡರೆ ನಿಜವಾದ ಗೋಳು ಶುರುವಾದದ್ದೇ ಆಮೇಲೆ. ನಮ್ಮವರು ಫೋನಿನಲ್ಲಿ ಒಂದು ಜಾಹೀರಾತು ನೋಡಿದರು. ಶಿಟ್ಜು ಮರಿ ಬರೀ 9,000. ಮಾರುವವರು ವಿಡಿಯೋ ಕಳಿಸಿದರು, ಮರಿಗಳು ಓಡಾಡುತ್ತಿವೆ. 3,000 ಮುಂಗಡ ಹಾಕಿ ಅಂದರು, ನಮ್ಮವರು ಹಾಕಿದರು. ಮಾರನೇ ದಿನ ಸಾಗಿಸುವ ಡಬ್ಬಿಗೆ ಇನ್ನೂ 4,500 ಅಂತ ಕೇಳಿದರು. "ಡಬ್ಬಿ ಬೇಡ, ನಾವೇ ಬಂದು ಒಯ್ತೀವಿ, ವಿಳಾಸ ಕೊಡಿ" ಅಂದೆ. ಫೋನ್ ಬಂದ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು, ದೂರಿನ ನಂಬರ್ ಬಂತು, ದುಡ್ಡು ಬರಲಿಲ್ಲ. ಮರಿಯನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಹಾಕಬೇಡಿ. ಹಾಕಿ ಮೋಸ ಹೋದರೆ ನಾಚಿಕೊಂಡು ಕೂರಬೇಡಿ, ಮೊದಲ ಗಂಟೆಯಲ್ಲೇ ಆ ನಂಬರಿಗೆ ಫೋನ್ ಮಾಡಿ. ನಾವು ಎರಡು ದಿನ ನಾಚಿಕೊಂಡಿದ್ದೆವು.

ಆಮೇಲೆ ಒಂದು ಅಂಗಡಿ. ಪಂಜರದಲ್ಲಿ ಆರು ಮರಿ, ಕೆಳಗೆ ಪೇಪರು, ಒಂದರ ಕಣ್ಣಲ್ಲಿ ಪಿಚ್ಚು. "ಅರವತ್ತು ದಿನ ಆಗಿದೆ ಮೇಡಂ" ಅಂದರು. ಡಾಕ್ಟರು ಒಂದು ಉಪಾಯ ಹೇಳಿಕೊಟ್ಟಿದ್ದರು. ಎರಡು ತಿಂಗಳ ಮರಿಗೆ ಹಾಲು ಹಲ್ಲು ಹೆಚ್ಚುಕಡಿಮೆ ಪೂರ್ತಿ ಬಂದಿರಬೇಕು, ಒಟ್ಟು 28. ತುಟಿ ಎತ್ತಿ ನೋಡಿದೆ. ಮುಂದೆ ಸೂಜಿಮೊನೆಯಂಥ ನಾಲ್ಕೈದು ಹಲ್ಲು, ಹಿಂದೆ ಬರೀ ವಸಡು. ಒಂದು ತಿಂಗಳು ತುಂಬಿದ್ದರೆ ಹೆಚ್ಚು. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಹೇಳಿದೆ. "ಎಲ್ಲರೂ ಒಯ್ಯೋದು ಇಷ್ಟರಲ್ಲೇ, ದೊಡ್ಡದಾದ್ರೆ ಯಾರು ತಗೋತಾರೆ?" ಅಂದರು. ಮಗಳು ಪಿಚ್ಚುಗಣ್ಣಿನ ಮರಿಯನ್ನು ಬಿಟ್ಟು ಬರಲು ಒಪ್ಪಲಿಲ್ಲ, ಅಳುತ್ತಾ ಬಂದಳು. ನನಗೂ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಅಯ್ಯೋ ಪಾಪ ಅಂತ ಕೊಂಡರೆ ಆ ಪಂಜರಕ್ಕೆ ನಾಳೆ ಇನ್ನೊಂದು ಮರಿ ಬರುತ್ತದೆ ಅಂತ ಅವಳಿಗೆ ಹೇಳಿದೆ. ಅವಳಿಗೆ ಅರ್ಥ ಆಯಿತೋ ಇಲ್ಲವೋ.

ಕೊನೆಗೆ ಬಿ ಬ್ಲಾಕ್ ಆಂಟಿಯೇ ದಾರಿ ತೋರಿಸಿದರು. ಅವರು ಮರಿ ತಂದ ಬೆಂಗಳೂರಿನ ಹೊರವಲಯದ ಮನೆಯಲ್ಲಿ ಏಪ್ರಿಲ್ ಮೊದಲ ವಾರ ನಾಲ್ಕು ಮರಿ ಹುಟ್ಟಿದ್ದವು. ಆ ಮನೆಯವರು ನಮ್ಮನ್ನೇ ಪ್ರಶ್ನೆ ಕೇಳಿದರು. ಮನೆಯಲ್ಲಿ ಹಗಲು ಯಾರಿರುತ್ತಾರೆ, ಮಾಳಿಗೆಯಲ್ಲಿ ಕಟ್ಟುತ್ತೀರಾ, ಬಾಚುವವರು ಯಾರು. ಇಷ್ಟು ಕೇಳುತ್ತಾರೆ ಅಂದರೆ ಸರಿಯಾದ ಜನ ಅಂತ ಧೈರ್ಯ ಬಂತು. ಕೇಳಲು ಮರೆಯಬಾರದ ಕಾಗದಗಳು ಇವು: ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅವರು ನೋಂದಾಯಿಸಿಕೊಂಡ ಪ್ರಮಾಣಪತ್ರ, ಮರಿಯ ತಂದೆ ತಾಯಿಯ ಜಾತಿ ದಾಖಲಿಸಿದ ಕೆನಲ್ ಕ್ಲಬ್ ಆಫ್ ಇಂಡಿಯಾ ಪತ್ರ, ಗುರುತಿಗೆ ಮರಿಯ ಚರ್ಮದಡಿ ಹಾಕುವ ಮೈಕ್ರೋಚಿಪ್ಪಿನ ಹದಿನೈದು ಅಂಕಿಯ ನಂಬರ್, ಲಸಿಕೆ ಪುಸ್ತಕ, ರಸೀದಿ. ಪುಸ್ತಕದಲ್ಲಿ ಬರೀ ಸಹಿ ಇದ್ದರೆ ಸಾಲದು, ಲಸಿಕೆಯ ಬಾಟಲಿಯ ಸ್ಟಿಕ್ಕರ್ ಅಂಟಿಸಿರಬೇಕು. ಕಾಗದಕ್ಕಿಂತ ದೊಡ್ಡದು ತಾಯಿ. ತಾಯಿ ನಾಯಿಯನ್ನು ತೋರಿಸದಿದ್ದರೆ ಎದ್ದು ಬನ್ನಿ. ಬೆಲೆ 32,000. ಒಂದು ಪೈಸೆ ಕಡಿಮೆ ಮಾಡಲಿಲ್ಲ.

ಎಂಟು ವಾರ ತುಂಬುವುದು ಜೂನ್ ಮೊದಲಿಗೆ. ನಾವೇ ಇನ್ನೂ ಹತ್ತು ದಿನ ತಡ ಮಾಡಿದೆವು, ಮಳೆ ಬಿದ್ದು ತಂಪಾಗಲಿ ಅಂತ. ರೈಲಿನಲ್ಲಿ ನಾಯಿ ಒಯ್ಯಬೇಕೆಂದರೆ ಒಂದೋ ಫಸ್ಟ್ ಎಸಿ ಕೂಪೆ ಬುಕ್ ಮಾಡಬೇಕು, ಇಲ್ಲವೇ ಲಗೇಜ್ ವ್ಯಾನಿನ ಡಬ್ಬಿಯಲ್ಲಿ ಹಾಕಬೇಕು. ಎರಡೂ ಬೇಡ ಅಂತ ಕಾರಿನಲ್ಲೇ ಹೋದೆವು. ಬೆಳಗಿನ ನಾಲ್ಕಕ್ಕೆ ಹೊರಟು, 260 ಕಿಲೋಮೀಟರ್ ಹೋಗಿ, ಮಧ್ಯಾಹ್ನ ವಾಪಸ್ ಹೊರಟೆವು. ಶಿರಾ ದಾಟುವ ಮೊದಲೇ ಮರಿ ಮಗಳ ಯೂನಿಫಾರ್ಮ್ ಸ್ವೆಟರ್ ಮೇಲೆ ವಾಂತಿ ಮಾಡಿತು. ಹೊರಡುವ ಎರಡು ಮೂರು ಗಂಟೆ ಮೊದಲು ಊಟ ಹಾಕಬೇಡಿ ಅಂತ ಅವರಿಗೆ ಹೇಳಿಡಿ. ಹಿರಿಯೂರಿನ ಹತ್ತಿರ ಹೋಟೆಲಿನಲ್ಲಿ ನಿಲ್ಲಿಸಿದಾಗ ಮಗಳು ಮರಿಯನ್ನು ಹುಲ್ಲಿನ ಮೇಲೆ ಬಿಡಲು ಹೋದಳು. ಕಿರುಚಿಬಿಟ್ಟೆ. ಲಸಿಕೆ ಪೂರ್ತಿ ಆಗದ ಮರಿಗೆ ಪಾರ್ವೋ ಅನ್ನೋ ರಕ್ತಭೇದಿ ರೋಗ ಅಂಟಿದರೆ ಉಳಿಯೋದು ಕಷ್ಟ. ಆ ರೋಗದ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಕಾರಿನಲ್ಲೇ ಪೇಪರ್ ಹಾಸಿ.

ಮೊದಲ ಮೂರು ರಾತ್ರಿ ಯಾರಿಗೂ ನಿದ್ದೆ ಇಲ್ಲ. ಕುಂಯ್ ಕುಂಯ್ ಅಂತ ಒಂದೇ ಸಮ. ನಾಲ್ಕನೇ ರಾತ್ರಿ ಸದ್ದಿಲ್ಲ. ಗಾಬರಿಯಾಗಿ ಹೋಗಿ ನೋಡಿದರೆ ಮಾವನವರು ಮರಿಯ ಬುಟ್ಟಿಯನ್ನು ತಮ್ಮ ಮಂಚದ ಕೆಳಗೆ ಎಳೆದುಕೊಂಡು, ಒಂದು ಕೈ ಇಳಿಬಿಟ್ಟು ಮಲಗಿದ್ದರು.

ಊಟದ್ದು ಬೇರೆಯೇ ರಾಮಾಯಣ. ನಮ್ಮದು ಮೊಟ್ಟೆಯೂ ಬಾರದ ಮನೆ. ಮರಿಯ ಊಟದ ಚೀಲದ ಮೇಲೆ ಕೋಳಿ ಚಿತ್ರ. ಅನ್ನ ಮೊಸರು ಹಾಕಿ ಸಾಕೋಣ ಅಂದರು ನಮ್ಮವರು. ಬೆಳೆಯುವ ಮರಿಗೆ ಅದೊಂದೇ ಸಾಲದು ಅಂದರು ಡಾಕ್ಟರು. ಕಡೆಗೆ ಚೀಲ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಮುಚ್ಚಳದ ಡ್ರಮ್ಮಿನಲ್ಲಿ, ಅದಕ್ಕೆ ಬೇರೆ ಚಮಚ, ಬೇರೆ ತಟ್ಟೆ. ದೇವರ ಕೋಣೆಗೆ ಅಡ್ಡ ಒಂದು ಗಿಡ್ಡ ಗೇಟು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಸಂಜೆ ಮಂಡಕ್ಕಿ ತಿನ್ನುವಾಗ ಮಾತ್ರ ಹುಷಾರು. ಈರುಳ್ಳಿ ನಾಯಿಗೆ ವಿಷ, ರಕ್ತವನ್ನೇ ಕೆಡಿಸುತ್ತದೆ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ಮಾವನವರು ಈಗ ಖಾರ ಮಂಡಕ್ಕಿಯನ್ನು ಜಗಲಿಯಲ್ಲಿ ಬಾಗಿಲು ಹಾಕಿಕೊಂಡು ತಿನ್ನುತ್ತಾರೆ.

ಖರ್ಚನ್ನು ನಮ್ಮವರು ಅಂಗಡಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಮರಿ 32,000. ಪ್ರಯಾಣ 5,200. ಡಾಕ್ಟರು, ಲಸಿಕೆ, ಜಂತು ಔಷಧಿ 3,100. ಊಟ, ಬುಟ್ಟಿ, ಬಾಚಣಿಗೆ, ಗೇಟು 6,400. ಮೋಸ ಹೋದದ್ದು 3,000. ಕೂಲರ್ 7,800. ಒಟ್ಟು 57,500. ಕೂಲರನ್ನು ನಾಯಿಯ ಲೆಕ್ಕಕ್ಕೆ ಬರೆದದ್ದಕ್ಕೆ ಅಪ್ಪ ಮಗನಿಗೆ ಇನ್ನೂ ಜಗಳ ಇದೆ. ಕೂದಲು ಕತ್ತರಿಸುವುದಕ್ಕೆ ಇಲ್ಲಿ ಒಂದು ಸಲಕ್ಕೆ 1,200 ಕೇಳಿದ್ದಾರೆ, ಅದು ಇನ್ನು ಮುಂದೆ ಶುರು. ಪಗ್ ಆಗಿದ್ದರೆ ಅದು ಉಳಿಯುತ್ತಿತ್ತು, ನಿಜ.

ಹುಚ್ಚುನಾಯಿ ರೋಗದ ಲಸಿಕೆಗೆ ಮಾತ್ರ ದುಡ್ಡು ಕೊಡಲಿಲ್ಲ. ಜುಲೈ 6 ಪ್ರಾಣಿಜನ್ಯ ರೋಗಗಳ ದಿನ. 1885ರಲ್ಲಿ ಅದೇ ದಿನ ಲೂಯಿ ಪಾಶ್ಚರ್ ನಾಯಿ ಕಚ್ಚಿದ ಹುಡುಗನಿಗೆ ಮೊದಲ ಲಸಿಕೆ ಕೊಟ್ಟದ್ದು. ಆ ದಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕಿದರು. ಮರಿಗೆ ಮೂರು ತಿಂಗಳು ತುಂಬಿರಬೇಕು, ನಮ್ಮದಕ್ಕೆ ಸರಿಯಾಗಿ ತುಂಬಿತ್ತು. ಬೇಗ ಹೋಗಿ, ಹತ್ತು ಗಂಟೆಗೆಲ್ಲ ಗೇಟಿನವರೆಗೆ ಸಾಲು. ಉಳಿದ ನಾಯಿಗಳಿಂದ ದೂರ, ಮರಿಯನ್ನು ಎತ್ತಿಕೊಂಡೇ ನಿಂತಿರಿ.

ಮೇಜಿನ ಹತ್ತಿರ ಕಾರ್ಡ್ ಬರೆಯುವ ಹುಡುಗ "ಹೆಸರು?" ಅಂದ. ಮಗಳು "ಕೋಕೋ" ಅಂದಳು. ಅದೇ ಹೊತ್ತಿಗೆ ಮಾವನವರು "ಅರಳಿ" ಅಂದರು. ಮನೆಯಲ್ಲಿ ಅವರು ಹಾಗೇ ಕರೆಯೋದು. ಬಿಳಿ ಮೈ ನೋಡಿ ಗಿರಣಿಯ ಅರಳೆ ನೆನಪಾಯಿತಂತೆ. ಕೆನಲ್ ಕ್ಲಬ್ಬಿನ ಪತ್ರದಲ್ಲಿ ಇಂಗ್ಲಿಷಿನ ಮಾರುದ್ದದ ಮೂರನೇ ಹೆಸರು ಬೇರೆ ಇದೆ. ಹುಡುಗ ಒಂದು ಗಳಿಗೆ ಇಬ್ಬರ ಮುಖ ನೋಡಿ, ಹಿರಿಯರು ಅಂತಲೋ ಏನೋ, "ಅರಳಿ" ಅಂತ ಬರೆದ.

ಆ ಕಾರ್ಡು ಈಗ ಮಾವನವರ ಇನ್ಹೇಲರ್ ಡಬ್ಬಿಯಲ್ಲಿದೆ. ಮುಂದಿನ ಲಸಿಕೆ ಬರುವ ವರ್ಷ ಜುಲೈಗೆ. ಆ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿಲ್ಲವಲ್ಲ, ಮಂಚದ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದಿಟ್ಟಿದ್ದಾರೆ.